ಅಡುಗೆಮನೆಯ ಸ್ಪೀಕರು

ದೆವ್ವ ಗಿವ್ವ ಎಂದರೆ ನಗುವ ಆಸಾಮಿ ನಾನು. ಆದದ್ದನ್ನು ಆದ ಹಾಗೆ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಹೆಂಡತಿ ತೀರಿಕೊಂಡ ಮೇಲೆ ಹೊತ್ತು ಹೋಗದೆ, ಫೋಮ್ ಬೋರ್ಡ್ ಕತ್ತರಿಸಿ ಅಂಟಿಸಿ ಎರಡು ಸ್ಪೀಕರ್ ಡಬ್ಬಿ ಮಾಡಿದೆ. ಹಗುರ ಅಂದರೆ ಹಗುರ, ಉಸಿರು ತಾಕಿದರೂ ನಡುಗುವಂಥವು. ಒಂದನ್ನು ಅಡುಗೆಮನೆಯಲ್ಲಿಟ್ಟೆ, ಇನ್ನೊಂದನ್ನು ನನ್ನ ಕೋಣೆಯಲ್ಲಿ. ಸಂಜೆ ನಾಲ್ಕಕ್ಕೆ ಆಂಪ್ಲಿಫೈಯರ್ ಹಾಕಿದರೆ ಹಾಡು ಬರಲಿಲ್ಲ. ನನ್ನ ಪಕ್ಕದ ಡಬ್ಬಿಯಿಂದ ನಲ್ಲಿ ತೊಟ್ಟಿಕ್ಕುವ ಸದ್ದು ಬಂತು. ಆಮೇಲೆ ಲೋಟದಲ್ಲಿ ಚಮಚ ಆಡಿಸುವ ಸದ್ದು, ಕೊನೆಗೆ ಅಂಚಿಗೆ ಮೂರು ಸಲ ಟಣ್ ಟಣ್ ಟಣ್. ಸಂಜೆಯ ಕಾಫಿ ಬೆರೆಸಿ ಹಾಗೆ ತಟ್ಟುವುದು ನನ್ನ ಹೆಂಡತಿಯ ಅಭ್ಯಾಸವಾಗಿತ್ತು. ಓಡಿಹೋಗಿ ನೋಡಿದೆ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಲೋಟಗಳೆಲ್ಲ ಬೋರಲು ಹಾಕಿದಲ್ಲೇ ಒಣಗಿದ್ದವು.

ಮರುದಿನ ರೇಡಿಯೋ ರಿಪೇರಿಯವನನ್ನು ಕರೆಸಿದೆ. ಆಂಪ್ಲಿಫೈಯರಿನ ಹಿಂದೆ ಬಗ್ಗಿ ನೋಡಿ ನಕ್ಕ.

"ಅಡುಗೆಮನೆ ವೈರನ್ನ ಮೈಕಿನ ತೂತಿಗೆ ಚುಚ್ಚಿದೀರಲ್ಲ ಸಾರ್! ಹಾಗೆ ಚುಚ್ಚಿದ್ರೆ ಸ್ಪೀಕರೇ ಮೈಕ್ ಆಗುತ್ತೆ. ಅಲ್ಲಾಗೋ ಸದ್ದು ಇಲ್ಲಿ ಕೇಳುತ್ತೆ, ಅಷ್ಟೆ."

"ಅಲ್ಲಾಗೋದು ಮಾತ್ರ ಕೇಳುತ್ತಾ?"

"ಮತ್ತಿನ್ನೇನು? ಇಲ್ಲದ್ದನ್ನ ಅದು ಎಲ್ಲಿಂದ ತರುತ್ತೆ? ಸರಿಮಾಡ್ಲಾ?"

"ಬೇಡ, ಇರ್ಲಿ ಬಿಡಪ್ಪ" ಎಂದೆ.

ಅದಾಗಿ ನಾಲ್ಕು ತಿಂಗಳಾಯಿತು. ವೈರು ಆ ತೂತಿನಲ್ಲೇ ಇದೆ. ದಿನಾ ನಾಲ್ಕಕ್ಕೆ ಬಾಗಿಲು ಹಾಕಿಕೊಂಡು ಕಿವಿಗೊಟ್ಟು ಕೂರುತ್ತೇನೆ. ಚಮಚ ಆಡುತ್ತದೆ, ಅಂಚಿಗೆ ಮೂರು ಸಲ ತಟ್ಟುತ್ತದೆ. ಇಷ್ಟು ದಿನವೂ ಒಂದೇ ಲೋಟದ ಸದ್ದಿತ್ತು.

ಹೋದ ಸೋಮವಾರದಿಂದ ಎರಡು ಲೋಟ.