ಹಸ್ಕಿ ಅಂದ ಮೇಷ್ಟ್ರು

"ನಿಮ್ಮ ದನಿ ತುಂಬಾ ಹಸ್ಕಿ."

ಮೈಸೂರಿನಿಂದ ಅಂದು ಬೆಳಿಗ್ಗೆಯಷ್ಟೇ ಬಂದಿಳಿದಿದ್ದ ಇಂಗ್ಲಿಷ್ ಮೇಷ್ಟ್ರು ಷಣ್ಮುಖಪ್ಪ, ಮಲ್ಲಿಕಾಂಬಳಿಗೆ ಆಡಿದ ಮೊದಲ ಮಾತು ಅದು. 1961ರ ಜೂನ್ ತಿಂಗಳು. ಅಜ್ಜಂಪುರದ ಶಾಲೆಯಲ್ಲಿ ಅವಳು ಆಗಷ್ಟೇ ಮಕ್ಕಳಿಗೆ ಪ್ರಾರ್ಥನೆ ಹೇಳಿಸಿ ಒಳಗೆ ಬಂದಿದ್ದಳು.

ಕನ್ನಡ ಕಲಿಸುವ ಅವಳಿಗೆ ಆ ಪದ ತಿಳಿಯಲಿಲ್ಲ. "ಹಂಗಂದ್ರೆ?"

ಅವನು ಕನ್ನಡಕ ಸರಿಮಾಡಿಕೊಂಡ. "ಹಸ್ಕ್ ಅಂದ್ರೆ ಹೊಟ್ಟು. ಒಣಗಿದ ಹೊಟ್ಟಿನ ಹಾಗಿರೋದು ಹಸ್ಕಿ. ಪದದ ಮೂಲ ಅದು."

ಉಪಾಧ್ಯಾಯರ ಕೋಣೆಯಲ್ಲಿದ್ದವರೆಲ್ಲ ನಕ್ಕರು.

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇಸ್ತ್ರಿ ಮಾಡಿದ ಕೋಟು, ಹೊಳೆಯುವ ಬೂಟು...

'ಇಷ್ಟು ಓದಿ ಇವನು ಕಲಿತದ್ದು ಇದೇನಾ?'

ಮರುದಿನದಿಂದ ಪ್ರಾರ್ಥನೆಯನ್ನು ಹಿರಿಯ ಶಿಕ್ಷಕಿ ಸುಲೋಚನಮ್ಮನವರಿಗೆ ಬಿಟ್ಟುಕೊಟ್ಟಳು. ಷಣ್ಮುಖಪ್ಪ ನಮಸ್ಕಾರ ಎಂದರೆ ಗೋಡೆ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಅವನೇ ತಡೆದು ಕೇಳಿದ. "ನನ್ನಿಂದ ಏನು ತಪ್ಪಾಯ್ತು? ನಿಘಂಟಲ್ಲಿ ಇರೋದನ್ನೇ ಹೇಳ್ದೆ."

"ನಿಘಂಟು ಹೊತ್ಕೊಂಡು ತಿರುಗೋಕೆ ಮನುಷ್ಯರು ಯಾಕೆ ಬೇಕು ಮೇಷ್ಟ್ರೇ? ಒಂದು ಕತ್ತೆ ಸಾಕು."

ಅವನ ಮುಖ ಕಪ್ಪಿಟ್ಟಿತು. ಅವಳಿಗೆ ಕನಿಕರವೂ ಹುಟ್ಟಲಿಲ್ಲ.

ಸಂಜೆ ಸುಲೋಚನಮ್ಮ ಅವನನ್ನು ಪಕ್ಕಕ್ಕೆ ಕರೆದರು.

"ಚಿಕ್ಕೋಳಿದ್ದಾಗ ಗಂಟಲಮಾರಿ ಬಂದಿತ್ತು ಕಣಪ್ಪಾ ಅವಳಿಗೆ. ಅಕ್ಕನಿಗೂ ಬಂದಿತ್ತು, ಅವಳು ಉಳೀಲಿಲ್ಲ. ಇವಳು ಉಳಿದ್ಳು, ದನಿ ಹಿಂಗಾಯ್ತು. ಹೋದ್ ವರ್ಷ ನೋಡಕ್ಕೆ ಬಂದ ತರೀಕೆರೆ ಗಂಡಿನೋರು ಇವಳ ಮಾತು ಕೇಳಿ ಎದ್ದೋದ್ರು. ಈಗ ನೀನು ಬಂದು ಹೊಟ್ಟು ಅಂದ್ಬಿಟ್ಟೆ."



ಮರುದಿನ ಎಲ್ಲರೂ ಕೋಣೆಯಲ್ಲಿದ್ದಾಗಲೇ ಅವನು ಎದ್ದು ನಿಂತ.

"ಅವತ್ತು ನಕ್ಕೋರೆಲ್ಲ ಕೇಳ್ಬೇಕು. ನಾನು ಮೆಚ್ಚಿ ಆಡಿದ ಮಾತದು. ಒರಟಾಗಿದ್ರೂ ಕಿವಿಗೆ ಹಿತವಾಗಿರೋ ದನೀಗೆ ಇಂಗ್ಲಿಷಲ್ಲಿ ಹಾಗಂತಾರೆ. ಮೆಚ್ಚಿದೆ ಅನ್ನೋ ಧೈರ್ಯ ಬರಲಿಲ್ಲ, ಪದದ ಮೂಲ ಒದರಿದೆ. ಕ್ಷಮಿಸಿ, ಮಲ್ಲಿಕಾಂಬ ಅವರೇ."

ಯಾರೂ ನಗಲಿಲ್ಲ. ಗಂಟೆ ಹೊಡೆಯಿತು, ಒಬ್ಬೊಬ್ಬರಾಗಿ ತರಗತಿಗಳಿಗೆ ಹೋದರು. ಅವಳು ಮಾತ್ರ ಕದಲಲಿಲ್ಲ.

"ಹಸ್ಕ್ ಅನ್ನೋ ಪದಕ್ಕೂ ಒಂದು ಮೂಲ ಇದೆಯಂತೆ," ಅವನು ಮೆಲ್ಲಗೆ ಅಂದ. "ಹಳೇ ಡಚ್ ಭಾಷೇಲಿ ಪುಟ್ಟ ಮನೆ ಅಂತ. ಕಾಳಿಗೆ ಅದೇ ಮನೆ ಅಲ್ವಾ..."

"ಮತ್ತೆ ಪಾಠ ಶುರುವಾಯ್ತಾ?"

ಅವನು ತಬ್ಬಿಬ್ಬಾದ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನೀವು ಪ್ರಾರ್ಥನೆ ಬಿಟ್ಟ ಮೇಲೆ ನನಗೆ ಶಾಲೆಗೆ ಬರೋಕೇ ಮನಸ್ಸಿಲ್ಲ. ನೀವು ಒಪ್ಪೋದಾದ್ರೆ... ನಿಮ್ಮನ್ನ ಮದುವೆ ಆಗ್ತೀನಿ."

ಅವಳು ಅವನನ್ನೇ ನೋಡಿದಳು. 'ಇವನಿಗೆ ಇಷ್ಟು ಸರಳವಾಗಿ ಮಾತಾಡೋಕೆ ಬರುತ್ತಾ?'

"ಭಾನುವಾರ ನಮ್ಮೂರು ಯಗಟಿಗೆ ಬನ್ನಿ. ಅಪ್ಪ ಮನೇಲಿರ್ತಾರೆ."

"ಅವರಿಗೆ ಏನಂತ ಹೇಳ್ಲಿ?"

"ನೀವೇನೂ ಹೇಳ್ಬೇಡಿ. ಬಾಯಿಬಿಟ್ರೆ ಕೆಡಿಸ್ತೀರ." ಅವಳ ತುಟಿಯಂಚಿನಲ್ಲಿ ನಗು ಮೂಡಿತು. "ನಾನೇ ಮಾತಾಡ್ತೀನಿ."