ಮುತ್ಯಾನ ಕಂಬಳಿ ಸೋರುತ್ತದೆಯೇ?

ಹಾಳೆಯ ಮೇಲೆ ಎಳೆದಿದ್ದ ನೀಲಿ ಗೆರೆಗಳು ಮತ್ತೆ ಕದಡಿಹೋಗಿದ್ದವು.

"ಅಕ್ಕಾ, ಈ ಸಲಾನೂ ಸೋರೇತಿ," ಎಂದ ದುಂಡೇಶ. ಅವನ ಕೈಯಲ್ಲಿ ಖಾಲಿ ತಂಬಿಗೆ ಇತ್ತು.

"ಸಣ್ಣಗ ಮಾತಾಡಲೇ. ಮುತ್ಯಾಗ ಕೇಳಿಸ್ತೈತಿ," ಎಂದು ಶೀತಲ್ ತಮ್ಮನ ಬಾಯಿಗೆ ಕೈ ಅಡ್ಡ ಹಿಡಿದಳು.

ಹಿತ್ತಲಲ್ಲಿ ಇಟ್ಟಿಗೆಗಳನ್ನಿಟ್ಟು, ಅವುಗಳ ಮೇಲೆ ಮುತ್ಯಾನ ಕರಿ ಕಂಬಳಿಯನ್ನು ಹಾಸಿದ್ದಳು. ಅದರ ಕೆಳಗೆ ಸ್ಕೆಚ್ ಪೆನ್ನಿನಿಂದ ಗೆರೆ ಎಳೆದ ಹಾಳೆ. ಮೇಲಿನಿಂದ ದುಂಡೇಶ ನೀರು ಸುರಿಯಬೇಕು. ನೀರು ಕೆಳಗೆ ಇಳಿದರೆ ಗೆರೆ ಕದಡುತ್ತದೆ, ಇಳಿಯದಿದ್ದರೆ ಹಾಗೆಯೇ ಇರುತ್ತದೆ. ಈ ಉಪಾಯ ಹೊಳೆದಾಗ ಶೀತಲ್‌ಗೆ ಬಹಳ ಖುಷಿಯಾಗಿತ್ತು. ಈಗ ಅಳು ಬರುವ ಹಾಗಾಗಿತ್ತು.

ಮುತ್ಯಾ ಎಂದರೆ ಅವಳ ಅಜ್ಜ ಲಗಮಣ್ಣ. ಚಿಕ್ಕಂದಿನಿಂದ ಕುರಿ ಕಾಯ್ದವನು. ಕಂಬಳಿ ಅವನದೇ ಕುರಿಗಳ ಉಣ್ಣೆಯದು. "ಇದನ್ನ ಹೊದ್ಕೊಂಡು ಕುಂತ್ರ ನಾ ಇದ್ದದ್ದೇ ಮಳಿಗೆ ಗೊತ್ತಾಗಂಗಿಲ್ಲ. ಒಂದು ಹನಿ ಒಳಗ ಬರಂಗಿಲ್ಲ," ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಬೀಳಗಿಯಲ್ಲಿ ಮಕ್ಕಳ ವಿಜ್ಞಾನ ಮೇಳ ಇತ್ತು. ಈ ಸಲ ಥರ್ಮಾಕೋಲಿನ ಮಾಡೆಲ್ ಬೇಡ, ಆರನೇ ಕ್ಲಾಸಿನವರೆಲ್ಲ ಒಂದೊಂದು ಸಂಶೋಧನಾ ಪೇಪರ್ ಬರೆಯಿರಿ ಎಂದು ಸಂಧ್ಯಾ ಟೀಚರ್ ಹೇಳಿದ್ದರು. ಮೊದಲು ನಿಮ್ಮದೇ ಒಂದು ಪ್ರಶ್ನೆ ಇರಬೇಕು. ಅದರ ಬಗ್ಗೆ ಬೇರೆಯವರು ಏನು ಹೇಳಿದ್ದಾರೋ ಅದನ್ನು ಅವರ ಹೆಸರಿನ ಸಮೇತ ಬರೆಯಬೇಕು. ಆಮೇಲೆ ನೀವೇ ಮಾಡಿ ನೋಡಿ, ಕಂಡದ್ದನ್ನು ಬರೆಯಬೇಕು. ಮೊಬೈಲಿನಿಂದ ಇಳಿಸಿಕೊಂಡು ಬಂದರೆ ಅದು ನಿಮ್ಮ ಪೇಪರ್ ಆಗುವುದಿಲ್ಲ ಎಂದೂ ಎಚ್ಚರಿಸಿದ್ದರು.

ಶೀತಲ್‌ಗೆ ತಟ್ಟನೆ ಕಂಬಳಿ ನೆನಪಾಗಿತ್ತು. ಅಂದೇ ಸಂಜೆ ಬಣ್ಣದ ಪೆನ್ನಿನಲ್ಲಿ 'ಕುರಿ ಉಣ್ಣೆಯ ಕಂಬಳಿ ಸೋರುವುದಿಲ್ಲ' ಎಂದು ತಲೆಬರಹ ಬರೆದಳು. ಹೇಗೂ ಗೊತ್ತಿದ್ದದ್ದೇ ಅಲ್ಲವೇ ಎಂದು ಕೊನೆಯ ಪುಟವನ್ನೂ ಬರೆದು ಮುಗಿಸಿದಳು. ನಡುವಿನ ಪುಟಗಳು ಮಾತ್ರ ಉಳಿದಿದ್ದವು.

ಮುತ್ಯಾನಂತೂ ಚಹಾದಂಗಡಿಯಲ್ಲಿ, ತನ್ನ ಕಂಬಳಿ ಪೇಪರಿನಲ್ಲಿ ಬರುತ್ತದೆ ಎಂದು ಸಾರಿ ಬಂದಿದ್ದ. ಅವನ ಗೆಳೆಯ ನಿಂಗಣ್ಣ ದಿನಾ ಬೆಳಿಗ್ಗೆ ಸುದ್ದಿಪತ್ರಿಕೆ ತಿರುವಿ ಹಾಕಿ ಹುಡುಕುತ್ತಿದ್ದನಂತೆ. ಇದು ಆ ಪೇಪರ್ ಅಲ್ಲ ಎಂದು ಶೀತಲ್ ಬಿಡಿಸಿ ಹೇಳಿದರೂ ಮುತ್ಯಾನ ಹಿಗ್ಗು ಕಡಿಮೆಯಾಗಲಿಲ್ಲ.

ಅಂಥ ಮುತ್ಯಾನಿಗೆ ಹೇಗೆ ಹೇಳುವುದು? ಕದಡಿದ ಹಾಳೆಗಳನ್ನು ಮುದ್ದೆ ಮಾಡಿ ಒಲೆಗೆ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ದುಂಡೇಶನಿಗೆ ಒಂದು ಬಿಸ್ಕಿಟ್ ಪ್ಯಾಕ್ ಕೊಟ್ಟರೆ ಸಾಕು. ಶೀತಲ್ ಹಾಳೆಗಳನ್ನು ಮುದ್ದೆ ಮಾಡಿದಳು. ಒಲೆಯ ತನಕ ಹೋದಳು. ಮತ್ತೆ ಬಿಡಿಸಿ ಬಿಸಿಲಿಗೆ ಒಣಹಾಕಿದಳು.

ಮರುದಿನ ಶಾಲೆಯಲ್ಲಿ ಎಲ್ಲರೂ ಊಟಕ್ಕೆ ಹೋದ ಮೇಲೆ ಶೀತಲ್ ಕದಡಿದ ಹಾಳೆಗಳನ್ನು ಹಿಡಿದು ಟೀಚರ್ ಹತ್ತಿರ ನಿಂತಳು.

"ಟೀಚರ್, ನಾವು ಅಂದ್ಕೊಂಡಂಗ ಆಗಲಿಲ್ಲಂದ್ರ ಏನು ಬರೀಬೇಕ್ರಿ?"

"ಏನಾತು ಅದನ್ನ ಬರಿ."

"ಬರದ್ರ ಒಬ್ಬರಿಗೆ ಬ್ಯಾಸರಾಗತೈತ್ರಿ."

ಟೀಚರ್ ಹಾಳೆಗಳನ್ನು ತಿರುವಿ ನೋಡಿದರು. ಬೈಯಲಿಲ್ಲ. ಆ ಒಬ್ಬರಿಗೆ ಬೇರೆಯವರಿಂದ ಗೊತ್ತಾಗುವುದಕ್ಕಿಂತ ನಿನ್ನಿಂದಲೇ ಗೊತ್ತಾಗಲಿ ಎಂದರು. ಯಾಕೆ ಹೀಗಾಯಿತು ಎಂದು ಅವರನ್ನೇ ಕೇಳು, ಅದೂ ಸಂಶೋಧನೆಯೇ ಎಂದರು.

ಸಂಜೆ ಮುತ್ಯಾ ಕಟ್ಟೆಯ ಮೇಲೆ ಕುಳಿತಿದ್ದ. ಬಾಡಗಂಡಿ ಫ್ಯಾಕ್ಟರಿಯ ಕಡೆಗೆ ಕಬ್ಬಿನ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಅವುಗಳ ಸದ್ದು ನಿಲ್ಲಲಿ ಎಂದು ಶೀತಲ್ ಕಾದಳು. ಹಾಡು ಹಾಕಿಕೊಂಡ ಕೊನೆಯ ಟ್ರ್ಯಾಕ್ಟರೂ ಹೋಯಿತು. ಇನ್ನು ನೆಪ ಇರಲಿಲ್ಲ.

"ಮುತ್ಯಾ, ಕಂಬಳಿ ಸೋರತೈತಿ."

ಹಾಳೆಗಳನ್ನು ತೋರಿಸಿದರೆ ಮುತ್ಯಾ ಕತ್ತು ಆಚೆ ತಿರುಗಿಸಿದ. ಎದ್ದು, ಗಳದ ಮೇಲೆ ಒಣಗುತ್ತಿದ್ದ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಕುರಿಗಳ ಕಡೆಗೆ ನಡೆದ. ಊಟಕ್ಕೆ ಕುಳಿತಾಗಲೂ ದಿನದ ಹಾಗೆ ಶೀತಲ್‌ಳ ರೊಟ್ಟಿಗೆ ಬೆಣ್ಣೆ ಸವರಿಕೊಡಲಿಲ್ಲ. ಅಜ್ಜಿ ಸಿದ್ದಕ್ಕನೇ ಸವರಿಕೊಟ್ಟಳು.

ಭಾನುವಾರ ಮಧ್ಯಾಹ್ನ ಮುತ್ಯಾ ತಾನಾಗಿಯೇ ಹಿತ್ತಲಿಗೆ ಬಂದ.

"ಹೆಂಗ ಹಾಸಿದ್ದಿ, ತೋರಸು."

ಶೀತಲ್ ಇಟ್ಟಿಗೆಗಳನ್ನು ಮೊದಲಿನಂತೆ ಇಟ್ಟು ಕಂಬಳಿ ಹಾಸಿ ತೋರಿಸಿದಳು. ಮುತ್ಯಾ ಬಗ್ಗಿ ನೋಡಿದ. ಅವನ ಮೀಸೆಯ ತುದಿ ಸ್ವಲ್ಪ ಅಲುಗಿತು.

"ಹಿಂಗ ಚಾಪಿ ಹಾಸಿದಂಗ ಹಾಸಿದ್ರ ನೀರು ನಿಂದರತೈತಿ. ನಿಂತ ನೀರು ಇಳೀದ ಏನು ಮಾಡೀತು?"

ಕಂಬಳಿಯನ್ನು ಕೊಪ್ಪೆಯಾಗಿ ಮಡಚಿ, ಮಳೆಯಲ್ಲಿ ಕುರಿ ಕಾಯುವಾಗ ಹಾಕಿಕೊಳ್ಳುವ ಹಾಗೆ ತಲೆಯ ಮೇಲಿಂದ ಇಳಿಬಿಟ್ಟುಕೊಂಡು ಕುಕ್ಕರಗಾಲಲ್ಲಿ ಕುಳಿತ. ಗೆರೆ ಎಳೆದ ಹಾಳೆಗಳನ್ನು ಹೆಗಲ ಮೇಲೆ, ತೊಡೆಯ ಮೇಲೆ, ಅಂಗಿಯ ಜೇಬಿನಲ್ಲಿ ಶೀತಲ್‌ಳ ಕೈಯಿಂದಲೇ ಇಡಿಸಿಕೊಂಡ.

"ಹಾಕಲೇ ದುಂಡ್ಯಾ, ನೀರು."

ದುಂಡೇಶನಿಗೆ ಎರಡು ಸಲ ಹೇಳಬೇಕಾಗಲಿಲ್ಲ. ತಂಬಿಗೆಯ ಮೇಲೆ ತಂಬಿಗೆ ಸುರಿದ. ನೀರು ಉಣ್ಣೆಯ ಮೇಲೆ ಮಣಿಮಣಿಯಾಗಿ ಜಾರಿ ನೆಲಕ್ಕೆ ಇಳಿಯಿತು. ಸಿದ್ದಕ್ಕ ಬಾಗಿಲಿಗೆ ಬಂದು, ಈ ವಯಸ್ಸಿನಲ್ಲಿ ಇದೇನು ಆಟ ಎಂದು ಗದರಿದಳು. ಒಳಗಿಂದ ಮುತ್ಯಾನ ಧ್ವನಿ ಬಂತು: "ಸುಮ್ನಿರು, ಸಂಶೋಧನಾ ನಡದೈತಿ."

ಶೀತಲ್ ಕಂಬಳಿ ಎತ್ತಿ ನೋಡಿದಳು. ಜೇಬಿನ ಹಾಳೆ ಒದ್ದೆಯಾಗಿರಲಿಲ್ಲ. ತೊಡೆಯ ಮೇಲಿನದೂ ಹಾಗೆಯೇ ಇತ್ತು. ಮುತ್ಯಾ ಗೆದ್ದುಬಿಟ್ಟ ಎಂದು ಶೀತಲ್‌ಗೆ ಕುಣಿಯಬೇಕೆನಿಸಿತು. ಇನ್ನು ಸಾಕು ಎಂದಳು.

ಮುತ್ಯಾ ಕೇಳಲಿಲ್ಲ. "ಮಳಿ ಅರ್ಧಕ್ಕ ನಿಂದರತೈತೇನು? ಹಾಕ್ರಿ," ಎಂದ. ಬಕೆಟ್ಟು ಖಾಲಿಯಾಗಿ ಇನ್ನೊಂದು ಬಂತು. ಅದೂ ಮುಗಿಯುತ್ತ ಬಂದಾಗ ಮುತ್ಯಾ ಕೈ ಎತ್ತಿ ನಿಲ್ಲಿಸಿದ. ಕಂಬಳಿ ಸರಿಸಿ ಹೆಗಲ ಮೇಲಿನ ಹಾಳೆ ತೆಗೆದು ಬೆಳಕಿಗೆ ಹಿಡಿದ. ಅಂಚಿನಲ್ಲಿ ನೀಲಿ ಗೆರೆ ಕದಡಿತ್ತು. ಬಹಳ ಅಲ್ಲ, ಹುಣಸೆ ಬೀಜದಷ್ಟು.

ಮುತ್ಯಾ ಬೇಕಿದ್ದರೆ ಆ ಹಾಳೆಯನ್ನು ಮುಷ್ಟಿಯಲ್ಲಿ ಅಡಗಿಸಬಹುದಿತ್ತು. ಅವನು ಅದನ್ನು ಮೊಮ್ಮಗಳ ಮುಂದೆ ಹಿಡಿದ.

"ಇಲ್ಲಿ ಇಳದೈತಿ ನೋಡವಾ. ಬರಕೋ."

ಶೀತಲ್ ಅವನ ಮುಖ ನೋಡಿದಳು. ಮೀಸೆಯ ತುದಿಯಲ್ಲಿ ಒಂದು ಹನಿ ನೀರು ಇತ್ತು. ಕಣ್ಣಲ್ಲಿ ಸಿಟ್ಟು ಇರಲಿಲ್ಲ.

ಅಂದು ಸಂಜೆ ಅವಳು ಕೊನೆಯ ಪುಟವನ್ನು ಹರಿದು ಹೊಸದಾಗಿ ಬರೆಯಲು ಕುಳಿತಳು. ಹಾಸಿದ ಕಂಬಳಿ ಬೇಗ ಸೋರಿತು. ಕೊಪ್ಪೆ ಹಾಕಿದ ಕಂಬಳಿ ಬಹಳ ಹೊತ್ತು ತಡೆಯಿತು, ಕಡೆಗೆ ಹೆಗಲಲ್ಲಿ ಸ್ವಲ್ಪ ಸೋರಿತು. ಹೇಳಿದವರ ಹೆಸರು ಬರೆಯುವ ಜಾಗದಲ್ಲಿ 'ಲಗಮಣ್ಣ, ಕುರಿಗಾರ' ಎಂದು ಬರೆದಳು. ತಲೆಬರಹದ 'ಸೋರುವುದಿಲ್ಲ' ಎಂಬುದನ್ನು ಹೊಡೆದು ಹಾಕಿ 'ಸೋರುತ್ತದೆಯೇ?' ಎಂದು ಮಾಡಿದಳು. ಹೆಗಲಲ್ಲಿ ಮಾತ್ರ ಯಾಕೆ ಸೋರಿತು ಎಂಬುದು ಅವಳಿಗೆ ತಿಳಿಯಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟಳು.

ಪಕ್ಕದಲ್ಲಿ ಕುಳಿತು ಪೆನ್ನು ಓಡುವುದನ್ನೇ ನೋಡುತ್ತಿದ್ದ ಮುತ್ಯಾ ಹೇಳಿದ: "ಹೊರೆ ಹೊತ್ತು ಹೊತ್ತು ಹೆಗಲ ಮ್ಯಾಲ ಸವದಿರಬೇಕು. ಖರೇನೋ ಸುಳ್ಳೋ, ಹೆಂಗ ಹೇಳೂದು? ನಿಂಗಣ್ಣಂದು ಹೊಸಾ ಕಂಬಳಿ ಐತಿ. ಅದು ಸೋರತೈತೋ ಇಲ್ಲೋ ನೋಡೂಣಲ್ಲ?"

'ಸೋರತೈತಿ' ಎಂಬ ಮಾತನ್ನು ಹೇಳಲು ಅವಳಿಗೆ ಎಷ್ಟು ಭಯವಾಗಿತ್ತು! ಈಗ ಅದೇ ಮಾತು ಮುತ್ಯಾನ ಬಾಯಿಂದ, ಚಹಾ ಆತೇನು ಎಂದು ಕೇಳಿದಷ್ಟು ಸಲೀಸಾಗಿ ಬಂದಿತ್ತು. ಮುತ್ಯಾ ಆಗಲೇ ಚಪ್ಪಲಿ ಮೆಟ್ಟಿ ಅಂಗಳ ದಾಟಿದ್ದ.

ಶೀತಲ್ ಪೆನ್ನಿನ ಮುಚ್ಚಳ ಹಾಕಿ, ಓಡಿ ಹೋಗಿ ಅವನ ಕೈ ಹಿಡಿದಳು.