ಕೊಪ್ಪರಿಗೆಯ ಮೇಲೆ ಲಿಥಿಯಂ

"ಒಂದೆಜ್ಜೆ ಮುಂದಕ್ಕಿಟ್ರೆ ಇದನ್ನ ಕೊಪ್ಪರಿಗೆಗೆ ಆಕ್ಬುಡ್ತೀನಿ ಕಣ್ಲಾ!"

ದೇವರಾಜುವಿನ ಕೈಯಲ್ಲಿ ಮುಚ್ಚಳ ತೆಗೆದ ಸ್ಟೀಲ್ ಡಬ್ಬಿ. ಕೆಳಗೆ ಕುದಿಯುವ ಕಬ್ಬಿನ ಹಾಲು. ಪಕ್ಕದಲ್ಲೇ ಜಾಲರಿಯಿಂದ ಹಾಲಿನ ಮೇಲಿನ ಕೊಳೆ ತೆಗೆಯುತ್ತಾ ಅವನ ತಂಗಿ ನಾಗಮಣಿ.

ಡಬ್ಬಿಯಲ್ಲಿ ಎಣ್ಣೆಯಲ್ಲಿಟ್ಟ ಲಿಥಿಯಂ ತುಂಡುಗಳು. ನೀರು ಸೋಕಿದರೆ ಕೆರಳುವ ಲೋಹ. ಬಿದ್ದರೆ ಕೊಪ್ಪರಿಗೆ ಸಿಡಿಯುತ್ತದೆ... ಮೊದಲು ನಾಗಮಣಿಯ ಮುಖಕ್ಕೆ!

ನಿಂತೆ.

ದೇವರಾಜು ಮಂಡ್ಯದ ಒಂದು ಲ್ಯಾಬಿನ ಡ್ರೈವರ್. ಬ್ಯಾಟರಿ ಕಂಪನಿಯವರು ಮುಗಿಬಿದ್ದು ಕೊಳ್ಳುತ್ತಾರೆ ಅಂದುಕೊಂಡು ಈ ಡಬ್ಬಿ ಕದ್ದಿದ್ದ. ಪೊಲೀಸ್ ಬೇಡ ಎಂದು ಆ ಲ್ಯಾಬಿನ ವಿಜ್ಞಾನಿ ರಂಜಿತ ಮೇಡಂ ನನಗೆ ಫೋನ್ ಮಾಡಿದ್ದರು. ಇಂಥ ಕೆಲಸಕ್ಕೆ ಮಾತ್ರ ನನ್ನ ಫೋನ್ ರಿಂಗಾಗುತ್ತದೆ. ಹಬ್ಬಕ್ಕೆ ಯಾರೂ ಮಾಡುವುದಿಲ್ಲ.

ಮದ್ದೂರಿನಿಂದ ಬೈಕಿನಲ್ಲಿ ಅಟ್ಟಿಸಿಕೊಂಡು ಬಂದೆ. ಚಿಕ್ಕರಸಿನಕೆರೆಯಲ್ಲಿ ತಂಗಿ ಬೆಲ್ಲ ಕಾಯಿಸುವ ಈ ಆಲೆಮನೆಗೆ ನುಗ್ಗಿದ. ಸಿಕ್ಕಿದ ಅಂದುಕೊಂಡೆ... ಸಿಕ್ಕಿಬಿದ್ದವನು ನಾನು!

ಸಿಡಿಯುತ್ತದೆ ಕಣಯ್ಯ ಅಂದೆ. ಕಿವಿ ಮೇಲೆ ಹೂ ಇಡಬೇಡ ಎಂದು ನಕ್ಕ.

ಕೊಪ್ಪರಿಗೆಯ ಬುಡದಲ್ಲಿ ಬಕೆಟ್ ತುಂಬಾ ಬೆಂಡೆ ಲೋಳೆ ಇತ್ತು.

"ಅದ್ಯಾಕ್ಲಾ ಕಬ್ಬಿನಾಲಿಗೆ ಆಕ್ತೀರ?" ಬಕೆಟ್ ತೋರಿಸಿ ಕೇಳಿದೆ.

"ಕೊಳೆ ಇಡ್ಕಂಡು ಮ್ಯಾಕೆ ಬತ್ತದೆ, ಎತ್ತಿ ಬಿಸಾಕ್ತೀವಿ. ನಿಂಗ್ಯಾಕೆ?"

"ಡಬ್ಬಿಲಿರೋದೂ ಅಂಗೇ. ನಿಮ್ ಲ್ಯಾಬಲ್ಲಿ ಕರೆಂಟ್ ಮಾಡಕ್ಕೆ ಸೂರ್ಯನಿಗಿಂತ ಬಿಸಿ ಗಾಳಿನ ಮಿಸಿನ್ನೊಳಗೆ ಕೂಡಾಕ್ತಾರಂತೆ, ಮೇಡಂ ಯೋಳಿದ್ರು. ಗೋಡೆಯಿಂದ ಒಸಿ ಕೊಳೆ ಬಂದ್ರೂ ಬಿಸಿ ಆರೋಯ್ತದೆ. ಅದ್ಕೆ ಗೋಡೆಗೆ ಇದನ್ನ ಬಳೀತಾರೆ, ಕೊಳೆ ಇಡ್ಕತದೆ. ನೀರು ಸಿಕ್ರೆ ಅದನ್ನೂ ಬುಡಕ್ಕಿಲ್ಲ. ಬೇಕಾರೆ ಒಂದ್ ಚೂರು ಬಾಗ್ಲ ತಾವಿರೋ ತೊಟ್ಟಿಗೆ ಆಕಿ ನೋಡು."

ದೇವರಾಜು ಅನುಮಾನದಿಂದಲೇ ಸೊಂಟದ ಚಾಕು ತೆಗೆದು ತುದಿಯಲ್ಲಿ ಚೂರು ಕೆತ್ತಿ ತೊಟ್ಟಿಗೆ ಎಸೆದ.

ಬುಸ್!

ಚೂರು ನೀರಿನ ಮೇಲೆ ಹೊಗೆ ಬಿಡುತ್ತಾ ಗಿರಗಿರನೆ ಸುತ್ತಿತು. ನಾಗಮಣಿಯ ಕೈಯ ಜಾಲರಿ ಕೆಳಗೆ ಬಿತ್ತು.

"ನಾನಿಲ್ಲೇ ನಿಂತಿವ್ನಲ್ಲ ಅಣ್ಣ..." ಅಂದಳು, ಅಷ್ಟೇ.

ದೇವರಾಜು ಡಬ್ಬಿಗೆ ಮುಚ್ಚಳ ಹಾಕಿ ನೆಲದ ಮೇಲಿಟ್ಟ. ತಂಗಿಯ ಕೈ ಹಿಡಿದುಕೊಂಡು ಮಗುವಿನಂತೆ ಅತ್ತ. ನನಗೆ ಹೊಟ್ಟೆಕಿಚ್ಚಾಯಿತು. ಹಾಗೆ ಅಣ್ಣ ಎನ್ನುವವರು ನನಗೆ ಯಾರೂ ಇಲ್ಲ. ಡಬ್ಬಿ ಎತ್ತಿಕೊಂಡು ಹೊರಟೆ.

ಮೇಡಂ ಲ್ಯಾಬಿನ ಬಾಗಿಲಲ್ಲೇ ಡಬ್ಬಿ ಈಸಿಕೊಂಡು ಥ್ಯಾಂಕ್ಸ್ ಅಂದರು. ಒಳಗೆ ಎಲ್ಲರೂ ಟೀ ಕುಡಿಯುತ್ತಿದ್ದರು. ಗಾಜಿನ ಬಾಗಿಲು ಮುಚ್ಚಿಕೊಂಡಿತು. ಒಂದು ನಿಮಿಷ ನಿಂತಿದ್ದೆ, ಯಾರಾದರೂ ಕರೆದಾರು ಎಂದು.

ಕರೆಯಲಿಲ್ಲ... ಕೊಳೆ ಹಿಡಿದ ಬೆಂಡೆ ಲೋಳೆಯನ್ನು ಯಾರು ತಾನೇ ಬೆಲ್ಲದ ಜೊತೆ ಅಚ್ಚಿಗೆ ಹೊಯ್ಯುತ್ತಾರೆ!